ಮಾವನ ಹೆಸರಿನ ಉರುವಲು

ಜಿಬೆಕ್ ಮದುವೆಯಾಗಿ ಆ ಮನೆಯ ಹೊಸಿಲು ದಾಟಿದ ದಿನವೇ ಅವಳ ಬಾಯಿಂದ ಎರಡು ಮಾತುಗಳು ಕಳೆದುಹೋದವು. ಒಂದು ಕಲ್ಲಿದ್ದಲು, ಇನ್ನೊಂದು ಬೆರಣಿ. ಮಾವನ ಹೆಸರು ಕೊಮುರ್‌ಬೆಕ್. ಆ ಸೀಮೆಯ ಮಾತಿನಲ್ಲಿ ಕೊಮುರ್ ಎಂದರೆ ಕಲ್ಲಿದ್ದಲು. ಮಾವನ ಅಣ್ಣ ತೆಜೆಕ್‌ಬಾಯ್. ತೆಜೆಕ್ ಎಂದರೆ ಬೆರಣಿ. ಹುಟ್ಟಿದ ಕೂಸುಗಳು ಕೈಗೆ ದಕ್ಕದೆ ನೊಂದಿದ್ದ ತಾಯಿಯೊಬ್ಬಳು, ಸಾವಿನ ಕಣ್ಣಿಗೆ ಇವು ಕಸವಾಗಿ ಕಾಣಲಿ ಎಂದು ಇಟ್ಟ ಹೆಸರುಗಳು. ಸಾವು ಮೋಸಹೋಯಿತು. ಅಣ್ಣ ತಮ್ಮ ಇಬ್ಬರೂ ಗಡ್ಡ ಬೆಳ್ಳಗಾಗುವವರೆಗೆ ಬಾಳಿದರು. ಸಿಕ್ಕಿಬಿದ್ದವರು ಆ ಮನೆಗೆ ಬಂದ ಸೊಸೆಯರು.

ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆಯಾದವಳು ನಾಲಿಗೆಯ ಮೇಲೆ ತರುವ ಹಾಗಿಲ್ಲ. ಹೆಸರಷ್ಟೇ ಅಲ್ಲ, ಹೆಸರಿನೊಳಗೆ ಕೂತಿರುವ ವಸ್ತುವನ್ನೂ ಕರೆಯುವ ಹಾಗಿಲ್ಲ. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಒಲೆ ಉರಿಯಲೇಬೇಕಾದ ಅತ್-ಬಾಶಿ ಸೀಮೆಯಲ್ಲಿ, ಒಲೆಗೆ ಹಾಕುವ ಎರಡು ಪದಾರ್ಥಗಳನ್ನೂ ಹೆಸರೆತ್ತದೆ ಸಂಸಾರ ಮಾಡುವುದು ಆಟದ ಮಾತಲ್ಲ. ಜಿಬೆಕ್ ಜಾಣೆ. ಕಲ್ಲಿದ್ದಲಿಗೆ ಕಪ್ಪು ಕಲ್ಲು ಎಂದಳು, ಬೆರಣಿಗೆ ಹಸುವಿನ ರೊಟ್ಟಿ ಎಂದಳು. ಮಾವ ಅದನ್ನು ಕೇಳಿದಾಗಲೆಲ್ಲ ಮೀಸೆಯಡಿ ನಗುತ್ತಿದ್ದರು.

"ಪುಣ್ಯಕ್ಕೆ ನಮ್ಮವ್ವನಿಗೆ ಮೂರನೇ ಮಗ ಉಳೀಲಿಲ್ಲ. ಅವನಿಗೆ ಬೆಂಕಿ ಅಂತ ಇಟ್ಟುಬಿಟ್ಟಿದ್ರೆ ಈ ಹುಡುಗಿ ನಮಗೆಲ್ಲ ಹಸಿ ಮಾಂಸವೇ ಬಡಿಸ್ತಿದ್ಲು."

ಆ ಮಾವ ವಸಂತದಲ್ಲಿ ತೀರಿಕೊಂಡರು. ಕುದುರೆಗೆ ಹುಲ್ಲು ಹಾಕಿ ಒಳಗೆ ಬಂದು, ಚಹಾ ಕೇಳಿ, ಅದು ಬರುವಷ್ಟರಲ್ಲಿ ಹೊರಟೇಹೋಗಿದ್ದರು. ಒಳ್ಳೆಯವರನ್ನು ದೇವರು ಕರೆಯುವಾಗ ಹೆಚ್ಚು ಸದ್ದು ಮಾಡುವುದಿಲ್ಲ ಎಂದು ಊರಿನ ಮುಲ್ಲಾ ಹೇಳಿದರು.

ಅಂದಿನಿಂದ ಅತ್ತೆ ಸೈಕಾಲ್‌ಗೆ ಗುರುವಾರದ ಸಂಜೆ ಒಂದು ವ್ರತವಾಯಿತು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಹಿಟ್ಟಿನ ಸಣ್ಣ ತುಂಡುಗಳನ್ನು ಕರಿದು, ಕುರಾನಿನ ನಾಲ್ಕು ಸಾಲು ಹೇಳಿ, ಎರಡು ಅಂಗೈಗಳಿಂದ ಮುಖ ಸವರಿಕೊಳ್ಳುವಳು. ಕಾದ ಎಣ್ಣೆಯ ಆ ವಾಸನೆ ಹಿಡಿದು ತೀರಿಹೋದವರು ತಮ್ಮ ಮನೆ ಹುಡುಕಿಕೊಂಡು ಬರುತ್ತಾರೆ, ಒಂದು ಗಳಿಗೆ ಕೂತು, ತೃಪ್ತಿಯಿಂದ ಮರಳುತ್ತಾರೆ. ತೀರಿಕೊಂಡವರಿಗೆ ವರ್ಷ ತುಂಬಿದಾಗ ಊರಿಗೆಲ್ಲ ಹಾಕುವ ವರ್ಷದ ಊಟ ಆಗುವವರೆಗೂ ಇದನ್ನು ತಪ್ಪಿಸಬಾರದು. ಒಲೆ ತಣ್ಣಗಿರುವ ಮನೆಗೆ ಅವರು ಬಂದು ಏನು ಮಾಡಬೇಕು?

ಹಿರಿಯ ಮಗ ಎಸೆನ್‌ಗೆ ಇದು ಅರ್ಥವಾಗದ್ದೇನಲ್ಲ. ಆದರೆ ಅವನು ನರೀನ್ ಪಟ್ಟಣದಲ್ಲಿ, ಗೋಡೆಯ ಕೊಳವೆಯಲ್ಲಿ ಬಿಸಿನೀರು ಹರಿಯುವ ಮನೆಯಲ್ಲಿ ಇರುವವನು. ಶರತ್ಕಾಲದಲ್ಲಿ ಬಂದವನು ಹಿತ್ತಿಲಲ್ಲಿ ಉಳಿದಿದ್ದ ಕಲ್ಲಿದ್ದಲ ಪುಡಿಯನ್ನು ಬೂಟಿನಿಂದ ಕೆದಕಿ ನೋಡಿದ. ಈ ವರ್ಷ ಲಾರಿ ಲೋಡಿನ ಬೆಲೆ ಕೇಳಿದರೇ ಮೈ ಬಿಸಿಯಾಗುತ್ತದೆ, ಎರಡು ಕಡೆ ಒಲೆ ಉರಿಸುವುದು ಬೇಡ ಎಂದ. ಮನೆಗೆ ಬೀಗ ಹಾಕಿ, ದನಕುರಿಗಳನ್ನು ನೆರೆಯವರಿಗೆ ಒಪ್ಪಿಸಿ, ಎಲ್ಲರೂ ಚಳಿಗಾಲ ಕಳೆಯುವವರೆಗೆ ತನ್ನಲ್ಲಿಗೆ ಬರಲಿ ಎಂದ. ಸೈಕಾಲ್ ತಲೆಯ ಬಿಳಿ ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಒಲೆಯನ್ನೇ ನೋಡುತ್ತಿದ್ದಳು. ಆ ಬೆರಳನ್ನು ನೋಡಿಯೇ ಜಿಬೆಕ್‌ಗೆ ಎಲ್ಲಿಲ್ಲದ ಧೈರ್ಯ ಬಂತು.

"ಭಾವ, ಅಪಾ ಇಲ್ಲೇ ಇರಲಿ. ಒಲೆ ಆರದ ಹಾಗೆ ನಾನು ನೋಡ್ಕೋತೀನಿ."

ಅಪಾ ಎಂದರೆ ಅವಳು ಅತ್ತೆಯನ್ನು ಕರೆಯುವ ರೀತಿ. ಎಸೆನ್ ತಮ್ಮನ ಮುಖ ನೋಡಿದ. ಜಿಬೆಕ್‌ಳ ಗಂಡ ಉರ್ಮಾತ್ ತನ್ನ ಟೋಪಿಯೊಳಗೆ ಏನೋ ಹುಡುಕುತ್ತಿದ್ದ.

"ಆಯ್ತು. ಹಿಮ ಬಿದ್ದು ದಾರಿ ಮುಚ್ಚತ್ತೆ, ಮತ್ತೆ ತೆಗೆದ ದಿನ ಬರ್ತೀನಿ," ಎಂದ ಎಸೆನ್. "ಮನೆ ತಣ್ಣಗಿದ್ರೆ ಅಮ್ಮನ್ನ ಕಾರಲ್ಲಿ ಕೂರಿಸ್ಕೊಂಡು ಹೊರಟೆ. ಆಮೇಲೆ ಯಾರೂ ನನ್ನ ಹತ್ರ ಮಾತಾಡಬಾರದು."

ಜಿಬೆಕ್ ಅಂದೇ ಟೊಂಕ ಕಟ್ಟಿ ಕೆಲಸಕ್ಕಿಳಿದಳು. ಎರಡು ಕೋಣೆಗಳನ್ನು ಮುಚ್ಚಿ ಎಲ್ಲರ ಹಾಸಿಗೆಯನ್ನೂ ಒಲೆಯ ಕೋಣೆಗೆ ತಂದಳು. ಬಾಗಿಲಿಗೆ ಹಳೆಯ ಕಂಬಳಿಯ ಮಡಿಕೆ ನೇತುಹಾಕಿದಳು, ಕಿಟಕಿಯ ಸಂದಿಗೆ ಉಣ್ಣೆ ತುರುಕಿದಳು, ಉತ್ತರದ ಗೋಡೆಗೆ ಹೊರಗಿನಿಂದ ಹುಲ್ಲಿನ ಹೊರೆ ಒಟ್ಟಿದಳು. ಹಸುವಿನ ರೊಟ್ಟಿಗಳು ಸೂರಿನಡಿ ಸಾಕಷ್ಟಿದ್ದವು. ಕಪ್ಪು ಕಲ್ಲು ಒಂದು ಲೋಡು ಬಂದುಬಿಟ್ಟರೆ ಗೆದ್ದಂತೆ.

ಎಷ್ಟೋ ವರ್ಷದಿಂದ ಆ ಊರಿಗೆ ಕಲ್ಲಿದ್ದಲು ತರುತ್ತಿದ್ದ ಮುದುಕ ಚಾಲಕನಿಗೆ ಯಾವ ಮನೆಯ ಸೊಸೆ ಯಾವುದನ್ನು ಏನೆಂದು ಕರೆಯುತ್ತಾಳೆ ಎಂಬುದು ಬಾಯಿಪಾಠವಾಗಿತ್ತು. ಆ ವರ್ಷ ಅವನು ಲಾರಿ ಮಾರಿ ಮಗಳ ಊರು ಸೇರಿದ್ದ. ಕೊಂಡವನು ಚೊರೋ ಎಂಬ ಹೊಸಬ, ದಕ್ಷಿಣದ ಕಡೆಯವನು. ಮೊಬೈಲಿಗೆ ಸಿಗ್ನಲ್ ಸಿಗುವುದು ಅತ್ತೆ ಕೂರುವ ಕಿಟಕಿಯ ಕಟ್ಟೆಯಲ್ಲಿ ಮಾತ್ರ. ಗಂಡ ಕುರಿಗಳೊಂದಿಗೆ ಬೆಟ್ಟದಲ್ಲಿದ್ದ. ಜಿಬೆಕ್ ಅತ್ತೆಯ ಮಗ್ಗುಲಲ್ಲೇ ಮಂಡಿಯೂರಿ, ಒಂದು ಲಾರಿ ಕಪ್ಪು ಕಲ್ಲು ಬೇಕು ಎಂದಳು. ಯಾತಕ್ಕೆ ಎಂದು ಚೊರೋ ಕೇಳಿದ. ಮನೆಗೆ, ಇನ್ಯಾತಕ್ಕೆ, ಎಂದಳು. ಗಾತ್ರ? ಮುಷ್ಟಿಯಿಂದ ಕುರಿತಲೆಯವರೆಗೆ ಹೇಗಿದ್ದರೂ ಆದೀತು, ಹಿತ್ತಿಲ ಗೋಡೆಗೆ ಸುರಿದುಬಿಡಿ. ಬದಲಿಗೆ ಕೊಬ್ಬಿದ ಒಂದು ಟಗರು ಎಂದು ಮಾತಾಯಿತು. ಇಷ್ಟು ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಅವಳು ದೇವರಿಗೆ ಕೈಮುಗಿದಳು. ಅಗ್ಗವಾಗಿದ್ದೇಕೆಂದು ಒಂದು ಗಳಿಗೆ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಲಾರಿ ಬಂದದ್ದು ಅವರೆಲ್ಲ ನೆರೆಯೂರಿನ ಮದುವೆಗೆ ಹೋಗಿದ್ದ ದಿನ. ಚೊರೋ ಸುರಿದ, ಟಗರನ್ನು ಹತ್ತಿಸಿಕೊಂಡ, ಹೋದ. ಅವನ ಹಿಂದೆಯೇ ಹಿಮ ಸುರಿದು ದಾರಿ ಮುಚ್ಚಿತು. ಮರುದಿನ ಜಿಬೆಕ್ ಹಿಮ ಗೋರಿ, ದೊಡ್ಡ ತುಂಡೊಂದಕ್ಕೆ ಸುತ್ತಿಗೆಯಿಂದ ಹೊಡೆದಳು. ಕಿಡಿ ಹಾರಿತು. ಸುತ್ತಿಗೆ ಪುಟಿದು ಬಂತು. ಇನ್ನೊಂದಕ್ಕೆ ಹೊಡೆದಳು, ಅದೂ ಹಾಗೆಯೇ. ಉರ್ಮಾತ್ ಬಂದು ಒಂದನ್ನು ಕೈಯಲ್ಲಿ ತೂಗಿ ನೋಡಿದ. ಅಳಬೇಕೋ ನಗಬೇಕೋ ತಿಳಿಯದೆ ನಗುವುದನ್ನೇ ಆರಿಸಿಕೊಂಡ.

"ನೀನು ಕೇಳಿದ್ದನ್ನೇ ತಂದಿದಾನಲ್ಲೇ. ಅಪ್ಪಟ ಕಪ್ಪು ಕಲ್ಲು."

ಫೋನಿನಲ್ಲಿ ಚೊರೋ ನಿಜಕ್ಕೂ ನೊಂದುಕೊಂಡ. ಮನೆಯ ತಳಪಾಯಕ್ಕೆ ಅಂದುಕೊಂಡೆ ಅಕ್ಕಾ, ಬೆಟ್ಟದ ಬುಡದಲ್ಲಿ ಕೆಂಪು, ಬೂದು ಎಲ್ಲ ಬಿಟ್ಟು ಒಂದೊಂದಾಗಿ ಕಪ್ಪನ್ನೇ ಆರಿಸಿದ್ದೇನೆ, ಬೆನ್ನು ಇನ್ನೂ ನೋಯುತ್ತಿದೆ ಎಂದ. ದಾರಿ ತೆರೆಯುವವರೆಗೆ ತಾನು ಏನೂ ಮಾಡಲಾರೆ ಎಂದೂ ಹೇಳಿದ. ಜಿಬೆಕ್ ಪಿಸುಮಾತಿನಲ್ಲಿ ಹೂಂ ಹೂಂ ಎನ್ನುತ್ತಿದ್ದಳು. ಪಕ್ಕದಲ್ಲಿ ಅತ್ತೆ ಉಣ್ಣೆ ಬಿಡಿಸುತ್ತ ಕೂತಿದ್ದಳು.

ಅತ್ತೆಗೆ ಹೇಳಬಾರದೆಂದು ಗಂಡ ಹೆಂಡಿರು ಗೊತ್ತುಮಾಡಿಕೊಂಡರು. ಗೊತ್ತಾದರೆ ಸೊಸೆಗೆ ಮುಜುಗರವಾಗಬಾರದೆಂದು ತಾನೇ ಗಂಟುಮೂಟೆ ಕಟ್ಟುವ ಹೆಂಗಸು ಅವಳು. ಸೈಕಾಲ್‌ಗೆ ಕಣ್ಣಿನಲ್ಲಿ ಪೊರೆ. ಹತ್ತಿರದ್ದು ಮಂಜು, ದೂರದ್ದು ಇನ್ನೂ ಮಂಜು. ಆದರೂ ಒಲೆಯ ಪಕ್ಕದ ಬಕೆಟ್ಟು ತುಂಬಿದೆಯೋ ಇಲ್ಲವೋ ಎಂದು ದಿನಾ ಸಂಜೆ ಕತ್ತು ಚಾಚುವಳು. ಅದಕ್ಕೆ ಜಿಬೆಕ್ ಬಕೆಟ್ಟಿನ ತುಂಬ ಆ ಕಲ್ಲುಗಳನ್ನೇ ತುಂಬಿ ಒಲೆಗೆ ತಾಗಿಸಿ ಇಟ್ಟಳು. ಉರಿಸಿದ್ದು ಬೆರಣಿ, ಅದೂ ಕೈ ಬಿಗಿಹಿಡಿದು. ನೋಟಕ್ಕೆ ಮಾತ್ರ ಸಿರಿತನ. ಸುಳ್ಳು ಹೆಚ್ಚುತ್ತ ಹೋದಂತೆ ಬಕೆಟ್ಟುಗಳೂ ಹೆಚ್ಚಿದವು. ಒಂದು ಮೂರಾಯಿತು, ಸಾಲದೆಂದು ಹಾಲಿನ ಹಳೆಯ ಕ್ಯಾನು, ತೂತುಬಿದ್ದ ಬೋಗುಣಿ ಎಲ್ಲ ಕಲ್ಲು ಹೊತ್ತು ಒಲೆಯ ಸುತ್ತ ಕೂತವು. "ಅಬ್ಬಾ, ಖಾನನ ಮನೆ," ಎಂದು ಉರ್ಮಾತ್ ಕೆಣಕಿದ.

ಒಂದು ಬೆಳಗು, ಹಾಲು ಕರೆಯಲು ಎದ್ದ ಜಿಬೆಕ್ ಮೊದಲು ಒಲೆ ಹೊತ್ತಿಸೋಣವೆಂದು ಹೋದಳು. ಒಲೆಯ ತಗಡು ಎಂದಿನಂತೆ ಹೆಣದ ಹಾಗೆ ತಣ್ಣಗಿತ್ತು. ತಗಡಿನ ಒಲೆಯ ಹಣೆಬರಹವೇ ಅಷ್ಟು. ಉರಿದಾಗ ಹತ್ತಿರ ನಿಲ್ಲಲಾಗದು, ಆರಿದಾಗ ಯಾರೋ ಎಂಬಂತೆ ಇರುತ್ತದೆ. ಎದ್ದೇಳಲು ಬಕೆಟ್ಟಿನ ಮೇಲೆ ಕೈಯೂರಿದಳು. ಕೈ ಅಲ್ಲೇ ನಿಂತಿತು. ಕಲ್ಲು ಬೆಚ್ಚಗಿತ್ತು, ಈಗಷ್ಟೇ ಕೋಳಿಯ ಅಡಿಯಿಂದ ತೆಗೆದ ಮೊಟ್ಟೆಯ ಹಾಗೆ. ಅವಳು ಹಸುವನ್ನು ಮರೆತು, ಗಂಡನನ್ನು ಅಲುಗಿಸಿ ಎಬ್ಬಿಸಿ, ಅವನ ಕೈಯನ್ನು ತಂದು ಕಲ್ಲಿನ ಮೇಲಿಟ್ಟಳು.

ಉರ್ಮಾತ್ ಅರೆನಿದ್ದೆಯಲ್ಲಿ ಬಹಳ ಹೊತ್ತು ಆ ಕಲ್ಲನ್ನು ಸವರುತ್ತಿದ್ದ. "ಟಗರು ದಂಡವಾಗಲಿಲ್ಲ ಕಣೇ," ಎಂದ ಕೊನೆಗೆ.

ಆಮೇಲೆ ಅವನ ಕೈ ನಿಲ್ಲಲಿಲ್ಲ. ಕಲ್ಲುಗಳನ್ನು ಒಳಗೆ ತಂದು ಒಣಗಿಸಿ, ಜೇಡಿಮಣ್ಣು ಮೆತ್ತಿ, ಒಲೆಯ ಮೂರು ಕಡೆ ಎದೆಮಟ್ಟದ ಗೋಡೆ ಎಬ್ಬಿಸಿದ. ಹೊಗೆಕೊಳವೆ ಹೋಗುವ ಮೂಲೆಯಲ್ಲೂ ಒಂದು ಕಂಬದಂತೆ ಕಟ್ಟಿದ. ನೀರು ಕುಡಿದಿದ್ದ ಒಂದು ಕಲ್ಲು ಬಿಸಿಗೆ ಪಟ್ಟೆಂದು ಸಿಡಿದು ಚಹಾದ ಬಟ್ಟಲು ಒಡೆಯಿತು. ಏನದು ಎಂದು ಅತ್ತೆ ಕೇಳಿದಳು. ಬಟ್ಟಲು, ಅಪಾ, ಎಂದಳು ಜಿಬೆಕ್. ಅದು ಸುಳ್ಳೇನಲ್ಲ. ಈಗ ಸಂಜೆ ಒಮ್ಮೆ ಬೆರಣಿ ಜೋರಾಗಿ ಉರಿಸಿದರೆ ಸಾಕು, ಕಲ್ಲುಗಳು ಆ ಬಿಸಿಯನ್ನು ಹೀರಿ ಬೆಳಗಿನವರೆಗೆ ಜಿಪುಣನ ಹಾಗೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದವು. ಸೂರಿನಡಿಯ ರಾಶಿ ಕರಗುವುದು ನಿಧಾನವಾಯಿತು. ಗುರುವಾರ ಗುರುವಾರ ಎಣ್ಣೆ ಕಾಯುತ್ತಲೇ ಹೋಯಿತು. ಬೇಡಿದ್ದನ್ನು ಕೊಡದೆ ಬೇಕಾದ್ದನ್ನು ಕೊಡುವ ಕೈಯೊಂದು ಮೇಲಿದೆ ಎಂದು ಜಿಬೆಕ್ ಕಲ್ಲಿಗೆ ಬೆನ್ನು ಕೊಟ್ಟು ಕೂತು ಎಷ್ಟೋ ಸಲ ನೆನೆದಳು.

ಚಳಿಗಾಲದ ನಡುವೆ ಬುಲ್ಡೋಜರ್ ಬಂದು ದಾರಿ ತೆಗೆಯಿತು. ಅದರ ಬೆನ್ನಿಗೇ ಎಸೆನ್‌ನ ಕಾರು. ಅದೂ ಗುರುವಾರವೇ. ಒಳಗೆ ಬಂದವನು ಕೋಟು ಬಿಚ್ಚಿದ, ಸ್ವಲ್ಪ ಹೊತ್ತಿಗೆ ಸ್ವೆಟರೂ ಬಿಚ್ಚಿದ. ಕಲ್ಲಿನ ಗೋಡೆಯನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಎಷ್ಟು ಲೋಡು ಸುಟ್ಟಿರಿ ಎಂದು ಕೇಳಿದ. ಜಿಬೆಕ್ ನೆಲ ನೋಡಿದಳು. ಉತ್ತರ ಕೊಟ್ಟವಳು ಸೈಕಾಲ್.

"ಒಂದು ಚೂರೂ ಇಲ್ಲ ಮಗಾ. ಆ ಲಾರಿಯವನು ತಂದಿದ್ದು ಇದೇ ಕಲ್ಲು."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನನ್ನ ಕಣ್ಣಿಗೆ ಪೊರೆ ಬಂದಿರೋದು, ಕೈಗಲ್ಲ," ಎಂದಳು ಅವಳು ನೆಮ್ಮದಿಯಾಗಿ. "ಮೊದಲ ದಿನವೇ ಬಕೆಟ್ಟು ಮುಟ್ಟಿದ್ದೆ. ನಿಜವಾದದ್ದನ್ನ ಮುಟ್ಟಿದ್ರೆ ಕೈ ಮಸಿಯಾಗ್ಬೇಕಲ್ಲ, ಆಗಲಿಲ್ಲ. ಹೇಳಿದ್ರೆ ಈ ಹುಡುಗಿ ಅತ್ಕೊಂಡು ಕೂರ್ತಿದ್ಲು. ಅತ್ತರೆ ಮನೆ ಬೆಚ್ಚಗಾಗತ್ತಾ?"

ಎಸೆನ್ ನಕ್ಕುಬಿಟ್ಟ. ಆದರೂ ಅವನು ಲೆಕ್ಕ ಬಲ್ಲವನು. ಸೂರಿನಡಿ ಹೋಗಿ ನೋಡಿ ಬಂದು, ಬೆರಣಿ ತಳ ಕಂಡಿದೆ, ಚಳಿ ಇನ್ನೂ ಬಾಕಿಯಿದೆ, ವರ್ಷದ ಊಟದ ದೊಡ್ಡ ಕೊಪ್ಪರಿಗೆಗಳಿಗೆ ಬೇರೆ ಉರುವಲು ಬೇಕು, ಕಲ್ಲು ಬಿಸಿ ಹಿಡಿಯುತ್ತದೆಯೇ ಹೊರತು ತಾನೇ ಉರಿಯುವುದಿಲ್ಲ ಎಂದ. ನಾಳೆ ಮತ್ತೆ ಹಿಮ ಬಿದ್ದರೆ ದಾರಿ ಇಲ್ಲ. ಇವತ್ತೇ ಲಾರಿ ಬಂದರೆ ಅಮ್ಮ ಇಲ್ಲಿರಲಿ, ಇಲ್ಲವಾದರೆ ಕಾರು ಹತ್ತಲಿ. ಟಗರು ತಿಂದವನು ಹೇಗೂ ಒಂದು ಲೋಡಿನ ಋಣದಲ್ಲಿದ್ದಾನೆ, ಕೊಡು ನಂಬರು, ನಾನೇ ಹೇಳುತ್ತೇನೆ ಎಂದು ಕೈ ಚಾಚಿದ.

"ನೀನು ಬೇಡ," ಎಂದಳು ಸೈಕಾಲ್. "ಮಾತು ಕೊಟ್ಟವಳು ಅವಳು. ಅವಳೇ ಹೇಳಲಿ."

ಜಿಬೆಕ್ ಕಿಟಕಿಯ ಕಟ್ಟೆಗೆ ಹೋಗಿ ಮಂಡಿಯೂರಿದಳು. ಆ ಕಡೆ ಲಾರಿಯ ಸದ್ದು, ಗಾಳಿಯ ಸದ್ದು, ಅದರ ನಡುವೆ ಚೊರೋನ ದನಿ. "ಹೇಳಿ ಅಕ್ಕಾ, ಈ ಸಲ ಏನು ತರಲಿ? ನೋಡಿ, ಬಿಡಿಸಿ ಹೇಳ್ಬೇಕು. ಕಪ್ಪು ಕಲ್ಲು ಅಂದ್ರೆ ನಾನು ಫೋನ್ ಇಟ್ಟುಬಿಡ್ತೀನಿ."

ಅವಳು ಉರಿಯುತ್ತದಲ್ಲ ಅದು ಎಂದಳು. ಸೌದೆಯಾ, ಎಂದ ಅವನು. ಗಣಿಯಲ್ಲಿ ಸಿಗುತ್ತದಲ್ಲ ಎಂದಳು. ಲೈನು ಕಡಿಯುತ್ತಿತ್ತು, ಅವನಿಗೆ ಅರ್ಧ ಕೇಳಿಸಲಿಲ್ಲ. ಬೆವರಿದ ಮುಖದಿಂದ ಅತ್ತೆಯತ್ತ ತಿರುಗಿದಳು. ಸೈಕಾಲ್ ಒಲೆಯ ಮುಂದೆ ಕೂತು ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಡುತ್ತಿದ್ದಳು.

"ಹೇಳಮ್ಮ," ಎಂದಳು. "ನಾನು ಕಿವಿ ಮುಚ್ಕೋತೀನಿ."

ಹಿಟ್ಟಿನ ಕೈಗಳನ್ನೆತ್ತಿ ತಲೆವಸ್ತ್ರದ ಮೇಲೆ ಇಟ್ಟುಕೊಂಡೂಬಿಟ್ಟಳು. ಜಿಬೆಕ್ ಕಣ್ಣು ಮುಚ್ಚಿ, ದೇವರ ಹೆಸರು ಹೇಳಿ, ಮೆಲ್ಲಗೆ ಉಸುರಿದಳು: "ಕೊಮುರ್."

"ಏನು? ಕೇಳಿಸ್ಲಿಲ್ಲ ಅಕ್ಕಾ."

"ಕೊಮುರ್," ಎಂದಳು ತುಸು ಗಟ್ಟಿಯಾಗಿ. ಗಾಳಿ ಅದನ್ನೂ ಕೊಂಡೊಯ್ದಿತು. ಆಗ ಅವಳು ಎದ್ದು ನಿಂತು, ಕಣಿವೆಯ ಆಚೆ ದಡದವರನ್ನು ಕರೆಯುವಂತೆ ಕೂಗಿದಳು. "ಕೊಮುರ್! ಕೊಮುರ್ ತಗೊಂಡು ಬಾ!"

ತರ್ತೀನಿ, ಸಂಜೆಯೊಳಗೆ ತರ್ತೀನಿ, ಎಂದ ಚೊರೋ. ಲೈನು ಕಡಿಯಿತು.

ಆ ಮನೆಯಲ್ಲಿ ಹೆಂಗಸರು ಆ ಮಾತು ಹೇಳುವ ಹಾಗಿರಲಿಲ್ಲ, ಉರ್ಮಾತ್‌ಗೂ ಹೆಂಡತಿಯ ಮಾತೇ ಅಂಟಿತ್ತು. ವಸಂತದಿಂದ ಈಚೆಗೆ ಆ ಹೆಸರು ಆ ಗೋಡೆಗಳ ನಡುವೆ ಒಮ್ಮೆಯೂ ಹುಟ್ಟಿರಲಿಲ್ಲ. ಜಿಬೆಕ್ ಅಂಜುತ್ತ ತಿರುಗಿ ನೋಡಿದಳು. ಅತ್ತೆಯ ಕೈಗಳು ಕಿವಿಯ ಮೇಲಿರಲಿಲ್ಲ. ಯಾವಾಗ ಇಳಿದಿದ್ದವೋ, ಮಡಿಲಲ್ಲಿ ಅಂಗೈ ಮೇಲಾಗಿ ಬಿಡಿಸಿಕೊಂಡಿದ್ದವು. ಬಾಣಲೆಯಿಂದ ಎಣ್ಣೆಯ ವಾಸನೆ ಎದ್ದು ಕಲ್ಲುಗಳ ಮೇಲೆ ಹಾದು ಕೋಣೆಯನ್ನೆಲ್ಲ ತುಂಬುತ್ತಿತ್ತು.

"ಇನ್ನೊಂದು ಸಲ ಕೂಗು ಮಗಳೇ," ಎಂದಳು ಸೈಕಾಲ್, ಮಂಜುಗಣ್ಣನ್ನು ಬಾಗಿಲ ಕಡೆ ನೆಟ್ಟು. "ಅವರಿಗೆ ಕೇಳಿಸ್ತೋ ಇಲ್ವೋ."