ಗಾಜು ತಟ್ಟುವವರು

ಉಡುಪು ಬಿಚ್ಚುವುದಕ್ಕೂ ಒಂದು ಆಳು ಬೇಕೇ ಎಂದು ನಗಬೇಡಿ. ಸೋಂಕಿನ ವಾರ್ಡಿನಿಂದ ಹೊರಬಂದ ನರ್ಸು ಮೈಮುಚ್ಚುವ ಆ ಪ್ಲಾಸ್ಟಿಕ್ ಉಡುಪನ್ನು ಬಿಚ್ಚುವಾಗ ಇನ್ನೊಬ್ಬರು ನಿಂತು ನೋಡಬೇಕು. ದಣಿದ ಕೈ ತನಗೇ ತಿಳಿಯದೆ ಮುಖಕ್ಕೆ ಹೋಗುತ್ತದೆ. ಆಗ ತಡೆಯಲು ಒಂದು ಬಾಯಿ ಬೇಕು. ನಾನೂ ಅಂಥ ನರ್ಸೇ, ಮನೆಯಲ್ಲಿ ಇನ್ನೂ ಹಾಲು ಕುಡಿಯುವ ಮಗಳಿದ್ದಾಳೆ. ಇಲ್ಲಿ ಕೈ ತಪ್ಪಿದರೆ ರೋಗ ಅವಳಿಗೆ.

ಆ ಬಾಯಿ ನಮ್ಮ ಸೈರನ್ ಅಕ್ಕನದಾಗಿತ್ತು. ಹಿರಿಯ ನರ್ಸು. ಅವಳು ಗುಟ್ಟು ಹೇಳಿದರೂ ಮೇಲಿನ ಮಹಡಿಗೆ ಕೇಳುತ್ತಿತ್ತು. ಒಬ್ಬೊಬ್ಬರಾಗಿ ನರ್ಸುಗಳೆಲ್ಲ ಹಾಸಿಗೆ ಹಿಡಿದ ಮೇಲೆ ಅವಳಿಗೂ ವಾರ್ಡಿನ ಕೆಲಸ ಬಿತ್ತು. ಅವಳು ಬಿಚ್ಚುವಾಗ ನೋಡಲು ಯಾರೂ ಇರಲಿಲ್ಲ. ಸೋಂಕು ತಗುಲಿ ಅದೇ ವಾರ್ಡಿನಲ್ಲಿ ರೋಗಿಯಾದಳು. ಮಂಚ, ಬಿಚ್ಚುವ ಕೋಣೆಯ ಗಾಜಿನ ಗೋಡೆಯ ಪಕ್ಕದಲ್ಲೇ.

"ನೋಡೋಕೆ ಒಬ್ಬರನ್ನ ಕೊಡಿ ಸಾರ್," ಎಂದು ಸೂಪರಿಂಟೆಂಡೆಂಟರನ್ನು ಕೇಳಿದೆ.

"ಎಲ್ಲಿಂದ ತರ್ಲಿ ಸಿಸ್ಟರ್? ಕನ್ನಡಿ ಹಾಕ್ಸಿದೀನಲ್ಲ."

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!

ಆ ದಿನ ಕನ್ನಡಿಯ ಮುಂದೆ ಕೈಗವಸು ತೆಗೆಯದೆಯೇ ಮೂಗು ತುರಿಸಲು ಹೊರಟಿದ್ದೆ. ಟಕ್ ಟಕ್ ಎಂದಿತು. ಗಾಜಿನಾಚೆ ಅಕ್ಕ, ಮುಖಕ್ಕೆ ಆಕ್ಸಿಜನ್ ಮಾಸ್ಕು, ಕಣ್ಣು ಕೆಕ್ಕರಿಸಿಕೊಂಡು ತಟ್ಟುತ್ತಿದ್ದಳು. ಆಮೇಲೆ ನಾನು ಹೊರಬಂದಾಗಲೆಲ್ಲ ಅವಳು ನಿದ್ದೆಗೆಟ್ಟು ಕಾಯುತ್ತಿದ್ದಳು. ಸೂಪರಿಂಟೆಂಡೆಂಟ್ ಸಾಹೇಬರ ಕಿವಿಗೂ ವಿಷಯ ಬಿತ್ತು.

"ಮತ್ತೇನು, ಆಳು ಸಿಕ್ತಲ್ಲ!" ಎಂದರು.

ನನ್ನ ಮೈ ಉರಿದುಹೋಯಿತು. ಉಸಿರಿಗೆ ಒದ್ದಾಡುವವಳಿಗೂ ಡ್ಯೂಟಿ ಹಾಕಿದ ಪುಣ್ಯಾತ್ಮರು.

ಇವತ್ತು ಬೆಳಿಗ್ಗೆ ಅಕ್ಕ ಹೋಗಿಬಿಟ್ಟಳು. ಮಂಚ ಒರೆಸಿದವಳೂ ನಾನೇ, ಇನ್ಯಾರಿದ್ದಾರೆ? ಅಳಲೂ ಇಲ್ಲ, ಆ ಉಡುಪಿನಲ್ಲಿ ಕಣ್ಣೊರೆಸಿಕೊಳ್ಳುವ ಹಾಗಿಲ್ಲವಲ್ಲ. ಪಾಳಿ ಮುಗಿಸಿ ಬಿಚ್ಚುವ ಕೋಣೆಗೆ ಬಂದವಳು ಕೈಗಳನ್ನು ದೂರ ಹಿಡಿದುಕೊಂಡು ಸುಮ್ಮನೆ ನಿಂತೆ. ಸಾಹೇಬರು ಹೊರಬಾಗಿಲಿನ ಗಾಜಿನಿಂದ ಇಣುಕಿದರು.

"ಇನ್ನೂ ಯಾಕೆ ನಿಂತಿದೀರ?"

"ನೋಡೋರು ಬರ್ಲಿ ಅಂತ."

"ಇವತ್ತೊಂದಿನ ನೀವೇ ಹುಷಾರಾಗಿ ಬಿಚ್ಕೊಳ್ಳಿ ಸಿಸ್ಟರ್."

"ಅಕ್ಕನೂ ಹುಷಾರಾಗೇ ಬಿಚ್ಚಿದ್ಳು ಸಾರ್."

ನನ್ನ ಎದೆ ಹಾಲು ಕಟ್ಟಿ ನೋಯುತ್ತಿತ್ತು. ಆದರೂ ಜಗ್ಗಲಿಲ್ಲ. ಸಾಹೇಬರು ಹೊರಟಂತೆ ಮಾಡಿ ಮತ್ತೆ ಬಂದರು.

"ನಾನು ಏನು ನೋಡ್ಬೇಕು?"

"ನನ್ನ ಕೈ ನೋಡಿ. ಮುಖದ ಹತ್ರ ಹೋದ್ರೆ ತಟ್ಟಿ."

ರಕ್ಷಣಾ ಕನ್ನಡಕ ತೆಗೆದದ್ದೇ ತಡ, ಬೆಳಿಗ್ಗೆಯಿಂದ ತಡೆದಿದ್ದ ಅಳು ಉಕ್ಕಿ ಬಂತು. ಒರೆಸಿಕೊಳ್ಳಲು ಕೈ ತಾನಾಗಿ ಮೇಲೆದ್ದಿತು.

ಸಾಹೇಬರು ಗಾಜು ತಟ್ಟಿದರು.