ಬಿಸಿಲಿಗಿಟ್ಟ ಬೀಜ

ಪ್ರಯೋಗಾಲಯದ ತಂಪು ಕೋಣೆ ಕೆಟ್ಟಿದ್ದರಿಂದ ಕಾಫಿ ಬೀಜದ ಡಬ್ಬಿಯನ್ನು ಮನೆಗೆ ತಂದಿಟ್ಟಿದ್ದೆ. ಸಂಜೆ ಬಂದು ನೋಡಿದರೆ ಡಬ್ಬಿ ಖಾಲಿ. ಬೀಜಗಳು ತಾರಸಿಯ ಮೇಲೆ, ತಟ್ಟೆಯಲ್ಲಿ ಒಣಗಿ ಗಲಗಲ ಎನ್ನುತ್ತಿದ್ದವು.

"ತೇವ ಇತ್ತಮ್ಮ. ಬೂಸ್ಟು ಹಿಡಿಯುತ್ತೆ ಅಂತ ಬಿಸಿಲಿಗಿಟ್ಟೆ," ಎಂದರು ಅತ್ತೆ.

ಕಾಫಿ ಬೀಜ ಬೇಳೆಕಾಳಿನಂತಲ್ಲ. ಪೂರ್ತಿ ಒಣಗಿದರೆ ಒಳಗಿನ ಜೀವವೇ ಹೋಗುತ್ತದೆ. ಎಲೆರೋಗ ಮುಟ್ಟದ ಒಂದೇ ಒಂದು ಗಿಡದ ಬೀಜಗಳವು. ಆ ಗಿಡವೂ ಬುಡ ಕೊಳೆತು ಸತ್ತಿತ್ತು. ಉಳಿದದ್ದು ಆರೇ ಆರು ಬೀಜ.

ಮೊಳಕೆ ಬರುತ್ತದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾಯುವಷ್ಟು ಗಟ್ಟಿ ಎದೆ ನನ್ನದಲ್ಲ. ಮರುದಿನ ಅತ್ತೆಯೂ ಹಟ ಹಿಡಿದು ನನ್ನ ಜೊತೆ ಪ್ರಯೋಗಾಲಯಕ್ಕೆ ಬಂದರು. ರಾತ್ರಿಯೇ ನೆನೆಸಿಟ್ಟಿದ್ದ ಒಂದು ಬೀಜವನ್ನು ಕೊಯ್ದು, ಒಳಗಿನ ಭ್ರೂಣ ತೆಗೆದು ಪರೀಕ್ಷೆಯ ದ್ರಾವಣಕ್ಕೆ ಹಾಕಿದೆ. ಜೀವವಿದ್ದರೆ ಕೆಂಪಾಗುತ್ತದೆ, ಸತ್ತಿದ್ದರೆ ಬೆಳ್ಳಗೇ ಉಳಿಯುತ್ತದೆ. ಅತ್ತೆ ಸ್ಟೂಲಿನ ತುದಿಯಲ್ಲಿ ಕೂತಿದ್ದರು. ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ.

ಕೆಲವು ಗಂಟೆ ಕಳೆದ ಮೇಲೆ ದ್ರಾವಣದ ಬಟ್ಟಲಿನ ಮುಚ್ಚಳ ತೆಗೆದೆ. ಕೆಂಪಾಗಿತ್ತು.

"ಜೀವ ಇದೆ ಅತ್ತೆ."

"ಹಾಗಾದ್ರೆ ಬೇಗ ನೆಡು ಇದನ್ನ."

"ಕೊಯ್ದದ್ದು ಇನ್ನು ಹುಟ್ಟಲ್ಲ."

ಅಷ್ಟರಲ್ಲಿ ನಮ್ಮ ಮೇಲಧಿಕಾರಿ ಬಾಗಿಲಲ್ಲಿ ಇಣುಕಿದರು. "ಒಂದರಿಂದ ಏನೂ ಹೇಳಕ್ಕಾಗಲ್ಲ. ಇನ್ನೊಂದು ಕೊಯ್ದು ನೋಡಿ."

ಅತ್ತೆ ಮೇಜಿನ ಮೇಲಿದ್ದ ಉಳಿದ ಐದು ಬೀಜಗಳನ್ನು ಬಾಚಿ ಮುಷ್ಟಿಯಲ್ಲಿ ಬಿಗಿಹಿಡಿದರು. ಬ್ಲೇಡು ನನ್ನ ಕೈಯಲ್ಲೇ ಇತ್ತು. ಮುಷ್ಟಿ ಬಿಡಿ ಎನ್ನಲು ಬಾಯಿ ಬರಲಿಲ್ಲ.