ಬಾಯಲ್ಲಿ ಕಬ್ಬಿಣದ ರುಚಿ

"ಇನ್ನೂ ಸ್ವಲ್ಪ ಬಗ್ಗಿ. ಗದ್ದ ಎದೆಗೆ ತಾಗ್ಲಿ," ಎಂದರು ಅರಿವಳಿಕೆ ಡಾಕ್ಟರು ಬೆನ್ನ ಹಿಂದಿನಿಂದ.

ಹೆರಿಗೆ ಕೋಣೆಯ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದವಳು ದಿಂಬನ್ನು ಅವುಚಿಕೊಂಡು ಬಗ್ಗಿದಳು. ತುಂಬಿದ ಹೊಟ್ಟೆ ಅಡ್ಡ ಬರುತ್ತಿತ್ತು. ಎದುರಿಗೆ ನಿಂತಿದ್ದ ನರ್ಸ್ ಅವಳ ಭುಜಗಳನ್ನು ಹಿಡಿದುಕೊಂಡಿದ್ದಳು. ಬೆನ್ನ ಮೇಲೆ ತಣ್ಣನೆಯದೇನೋ ಹರಿಯಿತು. ಇರುವೆ ಕಚ್ಚಿದ ಹಾಗೆ ಒಂದು ಚುಚ್ಚು, ಅದರ ಹಿಂದೆಯೇ ಯಾರೋ ಹೆಬ್ಬೆರಳಿಟ್ಟು ಬೆನ್ನುಮೂಳೆಯನ್ನು ಒಳಕ್ಕೆ ಅದುಮಿದಂಥ ಭಾರ.

ಗೋಡೆ ಪಕ್ಕದ ಕುರ್ಚಿಯಲ್ಲಿ ಅಮ್ಮ ಮುಖ ಆಚೆ ತಿರುಗಿಸಿ ಕೂತಿದ್ದಳು. ಮಗಳಿಗೆ ಮನೆಯಲ್ಲಿ ಗಟ್ಟಿಗಿತ್ತಿ ಎಂದು ಹೆಸರು. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿ ಉಗುರು ಕಿತ್ತು ಬಂದರೂ ಅಳಲಿಲ್ಲವೆಂದು ಅಮ್ಮನೇ ಇಟ್ಟದ್ದು. ಬಂದವರೆದುರೆಲ್ಲ ಅಮ್ಮ ಆ ಕಥೆ ಹೇಳುತ್ತಿದ್ದಳು, ಮಗಳು ಅದಕ್ಕೆ ತಕ್ಕಂತೆ ಬೆಳೆದಳು. ಬೇಕರಿಯ ಒಲೆಯ ಮುಂದೆ ಕೆಲಸ. ಕಾದ ತಟ್ಟೆ ತಾಗಿ ಮೊಣಕೈವರೆಗೂ ಕಲೆಗಳಿದ್ದವು. ಯಾರು ಕೇಳಿದರೂ "ಏನೂ ಇಲ್ಲ" ಅನ್ನುವುದು ಅವಳ ಬಾಯಿಪಾಠವಾಗಿತ್ತು.

ಬೆಳಗಿನಿಂದ ನೋವು ಬಂದು ಬಂದು ಹೋಗುತ್ತಿದ್ದರೂ ಅವಳು ತುಟಿಪಿಟಕ್ಕೆನ್ನಲಿಲ್ಲ. ಪಕ್ಕದ ಕೋಣೆಯವಳ ಕೂಗು ಕೇಳಿದಾಗಲೆಲ್ಲ ಅಮ್ಮ ಹೆಮ್ಮೆಯಿಂದ ಮಗಳ ಕಡೆ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಾತ್ರ, ಅಮ್ಮ ನೀರು ತರಲು ಆಚೆ ಹೋದ ಗಳಿಗೆ ನೋಡಿ, ಅವಳು ನರ್ಸನ್ನು ಹತ್ತಿರ ಕರೆದು, ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಔಷಧಿ ಬೇಕೆಂದು ಪಿಸುಗುಟ್ಟಿದಳು. ವಿಷಯ ತಿಳಿದು ಅಮ್ಮ ಒಂದೇ ಮಾತಂದಳು, ತನ್ನ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲವೆಂದು. ಆಮೇಲೆ ಹೋಗಿ ಕುರ್ಚಿ ಹಿಡಿದಳು.

ಡಾಕ್ಟರು ಸೂಜಿ ತೆಗೆದು, ದಾರದಷ್ಟು ತೆಳ್ಳಗಿನ ಕೊಳವೆಯನ್ನು ಮಾತ್ರ ಒಳಗೆ ಉಳಿಸಿ ಬೆನ್ನಿಗೆ ಅಂಟಿಸಿದರು. ಸಿರಿಂಜನ್ನು ಹಿಂದಕ್ಕೆಳೆದು ನೋಡಿದರು, ರಕ್ತ ಬರಲಿಲ್ಲ. ಅಷ್ಟಕ್ಕೇ ನಂಬುವ ಹಾಗಿಲ್ಲವೆಂದು ವಿವರಿಸಿದರು. ಕೊಳವೆಯ ತುದಿ ರಕ್ತನಾಳದೊಳಗೆ ಜಾರಿರಬಹುದು, ಅಥವಾ ಬೇಕಾದ್ದಕ್ಕಿಂತ ಒಳಗೆ ಹೋಗಿರಬಹುದು. ಅದಕ್ಕೇ ಮೊದಲು ಪರೀಕ್ಷೆಗೆಂದು ಚೂರೇ ಚೂರು ಔಷಧಿ.

"ಕಿವಿ ಗುಂಯ್ ಅಂದ್ರೆ, ಬಾಯಲ್ಲಿ ಏನಾದ್ರೂ ರುಚಿ ಬಂದ್ರೆ, ಎದೆ ಹೊಡ್ಕೊಂಡ್ರೆ, ಕಾಲು ಇದ್ದಕ್ಕಿದ್ದಂತೆ ಭಾರ ಆದ್ರೆ ತಕ್ಷಣ ಹೇಳ್ಬೇಕು."

ಒಂದು ನೋವು ಇಳಿಯುವವರೆಗೆ ಕಾದು ಔಷಧಿ ಬಿಟ್ಟರು. ಆದರೆ ಇನ್ನೊಂದು ನೋವು ಕಾಯಲಿಲ್ಲ, ಬೆನ್ನಟ್ಟಿಕೊಂಡೇ ಬಂತು. ತಲೆಯ ಬಳಿ ಅವಳ ಎದೆಬಡಿತ ಎಣಿಸುತ್ತಿದ್ದ ಯಂತ್ರದ ಟಿಕ್ ಟಿಕ್ ಒಮ್ಮೆಲೇ ಚುರುಕಾಯಿತು. ಡಾಕ್ಟರು ಅವಳೆದುರಿಗೆ ಬಂದು ನಿಂತರು.

"ಏನಾದ್ರೂ ಆಗ್ತಿದೆಯಾ?"

"ಏನೂ ಇ..." ಎಂದವಳು ಅಷ್ಟಕ್ಕೇ ನಿಂತಳು.

"ಅವಳಿಗೇನೂ ಆಗಲ್ಲ ಡಾಕ್ಟ್ರೇ," ಎಂದಳು ಅಮ್ಮ ಕುರ್ಚಿಯಿಂದ. "ಅವಳು ಗಟ್ಟಿಗಿತ್ತಿ."

ಡಾಕ್ಟರು ಆ ಕಡೆ ತಿರುಗಲಿಲ್ಲ. "ನೋಡಿ, ನೋವಿಗೂ ಎದೆಬಡಿತ ಹೀಗೇ ಓಡುತ್ತೆ, ಔಷಧಿ ರಕ್ತಕ್ಕೆ ಹೋದ್ರೂ ಓಡುತ್ತೆ. ಯಾವುದು ಅಂತ ಈ ಯಂತ್ರಕ್ಕೆ ಗೊತ್ತಾಗಲ್ಲ. ನಿಮಗೇ ಗೊತ್ತು."

ಅವಳ ಕಿವಿಯೊಳಗೆ ಬೇಕರಿಯ ಹಿಟ್ಟು ಕಲಸುವ ಮಿಷನ್ನು ದೂರದಲ್ಲಿ ತಿರುಗಿದಂಥ ಸದ್ದಿತ್ತು. ಹೇಳಿದರೆ ಕೊಳವೆ ತೆಗೆಯುತ್ತಾರೆ, ಮತ್ತೆ ಬಗ್ಗಬೇಕು, ಮತ್ತೆ ಸೂಜಿ. ಹೇಳದಿದ್ದರೆ ಇನ್ನೇನು ನೋವು ಹೋಗಿಯೇಬಿಡುತ್ತದೇನೋ. ಅಮ್ಮನ ಎದುರು ಇನ್ನೊಮ್ಮೆ ಸಣ್ಣವಳಾಗುವುದೂ ತಪ್ಪುತ್ತದೆ. ಅವಳು ಡಾಕ್ಟರ ಮುಖ ನೋಡಿದಳು. ಅವರು ಅವಸರಿಸಲಿಲ್ಲ, ಪೂರ್ತಿ ಔಷಧಿ ತುಂಬಿದ್ದ ದೊಡ್ಡ ಸಿರಿಂಜನ್ನು ಟ್ರೇಯಲ್ಲಿಟ್ಟು ಕಾಯುತ್ತಿದ್ದರು.

"ಕಿವಿಯಲ್ಲಿ ಸದ್ದಾಗ್ತಿದೆ," ಎಂದಳು. "ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ. ಭಯ ಆಗ್ತಿದೆ ನಂಗೆ." ಉಸಿರು ಎಳೆದುಕೊಂಡು, ಯಾರೂ ಕೇಳದಿದ್ದರೂ ಸೇರಿಸಿದಳು: "ನೋವು ತಡ್ಯೋಕಾಗ್ತಿಲ್ಲ. ಬೆಳಗಿಂದ ಆಗ್ತಿಲ್ಲ."

ಹೇಳಿದ್ದು ಒಳ್ಳೆಯದಾಯಿತೆಂದರು ಡಾಕ್ಟರು. ಕೊಳವೆಯ ತುದಿ ರಕ್ತನಾಳಕ್ಕೆ ಜಾರಿದೆ, ಪೂರ್ತಿ ಔಷಧಿ ಬಿಟ್ಟಿದ್ದರೆ ತಾಯಿಗೂ ಮಗುವಿಗೂ ಅಪಾಯವಾಗುತ್ತಿತ್ತು ಎಂದು ಹೇಳುತ್ತಲೇ ಕೊಳವೆಯನ್ನು ಎಳೆದು ಹಾಕಿದರು. ಕಿವಿಯ ಸದ್ದು ಮೆಲ್ಲಗೆ ಇಳಿಯಿತು. ಯಂತ್ರವೂ ತನ್ನ ಹದಕ್ಕೆ ಬಂತು. ನರ್ಸ್ ಹೊಸ ಸೂಜಿ ತರಲು ಹೋದಳು.

ಕುರ್ಚಿ ಸರಿದ ಸದ್ದಾಯಿತು. ಅಮ್ಮ ಬಂದು ನರ್ಸ್ ನಿಂತಿದ್ದ ಜಾಗದಲ್ಲಿ ನಿಂತಳು. ಎಲ್ಲಿ ಹಿಡಿಯಬೇಕೆಂದು ಡಾಕ್ಟರನ್ನು ಕೇಳಿ, ಮಗಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಮುಂದಿನ ನೋವು ಬಂದಾಗ ಮಗಳು ಆ ಹೆಗಲಿಗೆ ಬಾಯಿಟ್ಟು ಕೂಗಿದಳು, ಕೋಣೆಯ ಆಚೆ ಕಾಯುತ್ತಿದ್ದ ಗಂಡ ಬೆಚ್ಚಿ ಬಾಗಿಲು ತಟ್ಟುವಷ್ಟು ಜೋರಾಗಿ. ಅಮ್ಮ ಸುಮ್ಮನಿರು ಎನ್ನಲಿಲ್ಲ.

ಎರಡನೆಯ ಸಲ ಕೊಳವೆ ಬೆನ್ನುಮೂಳೆಯ ಬೇರೆ ಸಂದಿಯಲ್ಲಿ ಕೂತಿತು. ಮತ್ತೆ ಚೂರು ಔಷಧಿ, ಮತ್ತೆ ಅದೇ ಪ್ರಶ್ನೆಗಳು. ಕಿವಿ, ಬಾಯಿ, ಎದೆ, ಕಾಲು.

"ಏನೂ ಇಲ್ಲ," ಎಂದಳು.

ಅಮ್ಮ ಅವಳ ಗದ್ದ ಎತ್ತಿ ಕಣ್ಣನ್ನೇ ನೋಡಿದಳು. "ನಿಜ ಹೇಳ್ತಿದೀಯಾ?"

"ನಿಜವಾಗ್ಲೂ ಏನೂ ಇಲ್ಲಮ್ಮ."

ಡಾಕ್ಟರು ಉಳಿದ ಔಷಧಿಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮಂಜುಗಡ್ಡೆಯ ತುಂಡನ್ನು ಹೊಟ್ಟೆಯ ಎಡಕ್ಕೆ, ಬಲಕ್ಕೆ ತಾಗಿಸಿ ತಣ್ಣಗಿದೆಯಾ ಎಂದು ಕೇಳಿದರು. ತಾಗಿದ್ದು ತಿಳಿಯಿತು, ತಣ್ಣಗಿರಲಿಲ್ಲ. ಭುಜಕ್ಕೆ ಇಟ್ಟಾಗ ಮಾತ್ರ ಅವಳು ಮೈ ಕೊಡವಿದಳು. ಹೊಟ್ಟೆ ಕಲ್ಲಾಗುವುದು, ಸಡಿಲಾಗುವುದು ಅಂಗೈಗೆ ತಿಳಿಯುತ್ತಿತ್ತೇ ಹೊರತು ನೋಯುತ್ತಿರಲಿಲ್ಲ. ಹಾಗೇ ನಿದ್ದೆ ಹತ್ತಿತು.

ಸಂಜೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ್ದೇ ತಡ ಕೋಣೆಯೆಲ್ಲ ಕೇಳುವಂತೆ ಅರಚಿತು. ಗಂಡ ಅದನ್ನು ಎತ್ತಿಕೊಳ್ಳಲು ಬಾರದೆ ಎತ್ತಿಕೊಂಡು ಕಿಟಕಿಯ ಬಳಿ ನಿಂತ. ನರ್ಸ್ ಅವನ ಮೊಣಕೈಯನ್ನು ಸರಿಮಾಡುತ್ತಿದ್ದಳು. ಹೆತ್ತವಳು ದಿಂಬಿಗೊರಗಿ ಅತ್ತ ನೋಡಿ, ಆಮೇಲೆ ಮಂಚದ ತುದಿಗೆ ಕಣ್ಣು ಹಾಯಿಸಿದಳು. ಅಮ್ಮ ಅಲ್ಲಿ ಕೂತು, ಬೆಡ್‌ಶೀಟ್ ಸರಿಸಿ, ಅವಳ ಪಾದಗಳನ್ನು ಮಡಿಲಿಗೆಳೆದುಕೊಂಡು ಒತ್ತುತ್ತಿದ್ದಳು. ಔಷಧಿಯ ಜೋಮು ಇಳಿಯದ ಕಾಲಿಗೆ ಇನ್ನೂ ಸ್ಪರ್ಶ ತಿಳಿಯುತ್ತಿರಲಿಲ್ಲ. ಒಂದೊಂದೇ ಬೆರಳನ್ನು ಹಿಡಿದು ನೀವುತ್ತಿದ್ದ ಆ ಕೈಗಳನ್ನು ಅವಳು ನೋಡುತ್ತ ಮಲಗಿದಳು.